ಪಾಟಿ ಕೊಳ್ಳುವ ಮುನ್ನ ಕೂಸಿನ ಕಾಲು ಅಳೆಯಿರಿ

ವಿಜಯಪುರದ ಗಾಂಧಿ ಚೌಕದ ಸುತ್ತಮುತ್ತಲಾಗಲಿ, ಬೆಳಗಾವಿಯ ಖಡೇಬಜಾರಿನಲ್ಲಾಗಲಿ, ಮಕ್ಕಳನ್ನು ಕಕ್ಕ ಮಾಡಲು ಕೂಡಿಸುವ ಪಾಟಿ ಕೊಳ್ಳಲು ಬಂದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಎತ್ತರ ಎಷ್ಟೆಂದು ಕೇಳಿದವರನ್ನು ನಾನು ಕಂಡಿಲ್ಲ. ಹೀಗಾಗಿ ಆನೆಯ ಮುಖವಿರುವ, ಗುಂಡಿ ಒತ್ತಿದರೆ ಹಾಡುವ ಪಾಟಿಯೊಂದು ಮನೆಗೆ ಬರುತ್ತದೆ. ಕೂಸು ಅದರ ಮೇಲೆ ಕಾಲು ಇಳಿಬಿಟ್ಟು ಕುಳಿತು ಅಳುತ್ತದೆ, ವಾರ ಕಳೆಯುವುದರೊಳಗೆ ಪಾಟಿ ಆಟಿಕೆ ತುಂಬಿಡುವ ಬುಟ್ಟಿಯಾಗುತ್ತದೆ.

ಮೊದಲು ಕೂಸು ಸಿದ್ಧವಿದೆಯೇ ಎಂದು ನೋಡಬೇಕು. ಸಾಮಾನ್ಯವಾಗಿ 18 ತಿಂಗಳಿನಿಂದ 3 ವರ್ಷದೊಳಗೆ ಈ ಕಾಲ ಬರುತ್ತದೆ. ಚಡ್ಡಿ ಎರಡು ತಾಸಾದರೂ ಒಣಗಿರುವುದು, ಹೇಳಿದ ಸಣ್ಣ ಮಾತು ತಿಳಿಯುವುದು, ತಾನೇ ಕುಳಿತು ಏಳುವುದು ಇದರ ಗುರುತುಗಳು. ಓಣಿಯ ಬೇರೆ ಕೂಸು ಕಲಿತಿತೆಂಬುದು ಗುರುತಲ್ಲ.

ಎರಡನೆಯದು, ಎಲ್ಲರೂ ಎಡವುವ ಹಂತ: ಅಳತೆ. ನಮ್ಮ ಕಡೆ ಹಿರಿಯರು ನೆಲಕ್ಕೆ ಕುಳಿತು ಕಾಲು ಚಾಚಿ, ತಮ್ಮ ಎರಡು ಪಾದಗಳ ಮೇಲೆ ಕೂಸನ್ನು ಕೂಡಿಸಿ ಕಕ್ಕ ಮಾಡಿಸುತ್ತಾರೆ. ಆಗ ಕೂಸಿನ ಮೊಣಕಾಲು ಸೊಂಟಕ್ಕಿಂತ ಮೇಲಿರುತ್ತದೆ. ತೊಡೆ ಹೊಟ್ಟೆಯ ಕಡೆಗೆ ಮಡಚಿದಾಗ ಗುದನಾಳವನ್ನು ಬಾಗಿಸಿ ಹಿಡಿದಿರುವ ಸ್ನಾಯು ಸಡಿಲಾಗಿ ಮಲದ ದಾರಿ ನೇರವಾಗುತ್ತದೆ. ಪಾಟಿಯೂ ಇದೇ ಭಂಗಿಯನ್ನು ಕೊಡಬೇಕು. ಪಾದಗಳೆರಡೂ ಪೂರ್ತಿ ನೆಲಕ್ಕೆ ತಾಗಿರಬೇಕು. ಕಾಲು ಜೋತಾಡಿದರೆ ಮುಕ್ಕಲು ಆಧಾರ ಸಿಗದೆ ಕೂಸು ಕಕ್ಕ ತಡೆದುಕೊಳ್ಳುತ್ತದೆ, ತಡೆದದ್ದು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ನೋಯಿಸುತ್ತದೆ, ಒಮ್ಮೆ ನೋವುಂಡ ಕೂಸು ಪಾಟಿ ಕಂಡರೆ ಸಾಕು ಓಡುತ್ತದೆ.

ಎಚ್ಚರವಿರುವ ಕೂಸು ಅಳತೆ ಕೊಡುವುದಿಲ್ಲವಾದ್ದರಿಂದ ಅದು ಮಲಗಿದಾಗ ಮೊಣಕಾಲನ್ನು ಮೆಲ್ಲಗೆ ಮಡಚಿ, ಮೊಣಕಾಲಿನ ಹಿಂದಿನ ಮಡಿಕೆಯಿಂದ ಹಿಮ್ಮಡಿಯ ತಳದವರೆಗೆ ಒಂದು ದಾರ ಹಿಡಿದು, ಅಲ್ಲಿಗೆ ಗಂಟು ಹಾಕಿಟ್ಟುಕೊಳ್ಳಿ. ಆಸನ ಈ ದಾರಕ್ಕಿಂತ ಒಂದೆರಡು ಸೆಂಟಿಮೀಟರ್ ತಗ್ಗಿರಬೇಕು, ಅಂದರೆ ದಾರ 20 ಸೆಂಟಿಮೀಟರ್ ಬಂದರೆ ಆಸನ 18ರಿಂದ 19. ಅಂಗಡಿಯಲ್ಲಿ ದಾರದ ಒಂದು ತುದಿಯನ್ನು ನೆಲಕ್ಕೆ ಒತ್ತಿ ಗಂಟನ್ನು ಕೂಡುವ ಅಂಚಿಗೆ ಹಿಡಿಯಿರಿ, ಒರಗುವ ಬೆನ್ನಿನ ತುದಿಗಲ್ಲ. ಆನ್‌ಲೈನಿನಲ್ಲಿ ಬರೆದಿರುವ ಎತ್ತರ ಹೆಚ್ಚಾಗಿ ಬೆನ್ನನ್ನೂ ಸೇರಿಸಿದ್ದೇ ಆಗಿರುತ್ತದೆ. ಆಸನದ ಎತ್ತರವನ್ನು ಬೇರೆಯಾಗಿ ಹೇಳದ ಪಾಟಿಯನ್ನು ತರಿಸಬೇಡಿ. ‘ದೊಡ್ಡದು ತಗೊಳ್ರಿ, ಬೆಳೀತದ’ ಎಂದು ಅಂಗಡಿಯವರು ಹೇಳುವ ಮಾತು ಅಂಗಿಗೆ ಸರಿ, ಪಾಟಿಗೆ ಅಲ್ಲ.

ಎತ್ತರ ಹೊಂದಿದರೆ ಉಳಿದ ಪರೀಕ್ಷೆಗಳನ್ನು ನಿಂತಲ್ಲೇ ಮುಗಿಸಬಹುದು. ಮುಂದಿನ ಅಂಚನ್ನು ಅಂಗೈಯಿಂದ ಒತ್ತಿ ನೋಡಿ, ಹಿಂಭಾಗ ಎದ್ದರೆ ಬಿಟ್ಟುಬಿಡಿ. ಕೂಸು ಏಳುವಾಗ ಭಾರ ಹಾಕುವುದು ಅಲ್ಲಿಯೇ. ಬುಡಕ್ಕೆ ರಬ್ಬರ್ ಇರಲೇಬೇಕು, ಏಕೆಂದರೆ ನಮ್ಮ ಮನೆಗಳ ಫರಸಿ ಒದ್ದೆಯಾದರೆ ಜಾರುತ್ತದೆ. ಸೀರೆಯ ಸೆರಗನ್ನೋ ತೆಳ್ಳನೆಯ ಓಢಣಿಯನ್ನೋ ಅಂಚಿನ ಸುತ್ತ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಅಚ್ಚಿನ ಚೂಪು ಉಳಿದಿದೆ, ನಾಳೆ ಅದು ತೊಡೆಯನ್ನು ತರಚುತ್ತದೆ. ಒಳಗಿನ ಬಟ್ಟಲು ಸಂದುಗಳಿಲ್ಲದೆ ಒಂದೇ ಅಚ್ಚಿನದಾಗಿ, ಮೇಲಿನಿಂದ ಎತ್ತಿದರೆ ಬರುವಂತಿರಬೇಕು. ಹಿಂದಿನಿಂದ ಡ್ರಾಯರಿನಂತೆ ಎಳೆಯುವ ಬಟ್ಟಲು ತುಂಬಿದಾಗ ಚೆಲ್ಲದೆ ಬರುವುದು ಕಡಿಮೆ. ಗಂಡುಮಕ್ಕಳಿಗೆಂದು ಮುಂದೆ ಎತ್ತರದ ಗಟ್ಟಿ ತಡೆ ಇರುವುದೂ ಬೇಡ. ಕೂಡುವಾಗ ತಾಗಿದರೆ ನೋವಾಗುತ್ತದೆ, ತಗ್ಗಾದ ದುಂಡನೆಯ ಉಬ್ಬು ಸಾಕು.

ಹಾಡುವ ಪಾಟಿಯನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಅವುಗಳಲ್ಲಿ ಕೆಲವು ಒಳಗೆ ತೇವ ತಾಗಿದೊಡನೆ ಹಾಡುತ್ತವೆ. ಜಾಣ ಕೂಸು ಲೋಟದಿಂದ ನೀರು ಸುರಿದು ಹಾಡು ಕೇಳುವುದನ್ನಷ್ಟೇ ಕಲಿಯುತ್ತದೆ. ಅಂಗಿಯ ಗುಂಡಿಯಂಥ ಸಣ್ಣ ಚಪ್ಪಟೆ ಸೆಲ್ ಇದ್ದು ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಅದನ್ನು ಮನೆಯೊಳಗೇ ತರಬಾರದು. ಅಂಥ ಸೆಲ್ ನುಂಗಿದರೆ ಅನ್ನನಾಳ ಸುಡುತ್ತದೆ.

ಬಾಗಲಕೋಟೆಯ ನವನಗರದಂಥ ಕಡೆ ಹೊಸ ಮನೆಗಳಲ್ಲಿ ಕಮೋಡ್ ಇರುವವರು ಅದರ ಮೇಲಿಡುವ ಸಣ್ಣ ಸೀಟನ್ನೇ ನೇರವಾಗಿ ಕೊಳ್ಳುತ್ತಾರೆ. ಕೊಳ್ಳಲಿ, ಆದರೆ ಪಾದ ಊರಲು ಅಲುಗದ ಮೆಟ್ಟಿಲು ಜೊತೆಗಿರಬೇಕು. ಮಡಚುವ ಪ್ಲಾಸ್ಟಿಕ್ ಏಣಿ ನಡುಗುವುದರಿಂದ ಮರದ ಮಣೆಗಳೇ ವಾಸಿ. ಕುಕ್ಕರಗಾಲಿನ ಪಾಯಖಾನೆ ಇರುವ ಮನೆಗೆ ತಗ್ಗಾದ ಪಾಟಿಯೇ ತಕ್ಕದ್ದು, ಮುಂದೆ ಅಲ್ಲಿ ಕೂಡುವುದು ಕೂಸಿಗೆ ಹೊಸದೆನಿಸುವುದಿಲ್ಲ.

ತಂದ ಮೇಲೆ ಕೆಲವು ದಿನ ಚಡ್ಡಿ ಬಿಚ್ಚದೆಯೇ ಅದರ ಮೇಲೆ ಕೂಡಿಸಿ. ನಂತರ ಊಟವಾದ ಸ್ವಲ್ಪ ಹೊತ್ತಿಗೆ, ಹೊಟ್ಟೆ ತುಂಬಿ ಕರುಳು ತಾನೇ ಚಲಿಸುವ ಸಮಯದಲ್ಲಿ, ಐದು ನಿಮಿಷ ಮೀರದಂತೆ ಕೂಡಿಸಿ. ಕೈಗೆ ಮೊಬೈಲ್ ಬೇಡ.

ಬಟ್ಟಲನ್ನು ಪಾಯಖಾನೆಗೇ ಸುರಿಯಬೇಕು. ಕೂಸಿನ ಕಕ್ಕಕ್ಕೆ ದೋಷವಿಲ್ಲವೆಂದು ಗಟಾರಕ್ಕೆ ಚೆಲ್ಲುವವರಿದ್ದಾರೆ, ಆದರೆ ರೋಗಾಣುಗಳು ಅದರಲ್ಲೂ ಇರುತ್ತವೆ. ಸುರಿದವರೂ ಕೂಸೂ ಸಾಬೂನು ಹಚ್ಚಿ ಕೈ ತೊಳೆಯಬೇಕು. ಕೊಳವೆಬಾವಿಯ ಗಡಸು ನೀರಿನಿಂದ ಬಟ್ಟಲಿಗೆ ಬಿಳಿ ಪೊರೆ ಕಟ್ಟಿದರೆ ಲಿಂಬೆಹಣ್ಣಿನ ಹೋಳು ತಿಕ್ಕಿ ತೊಳೆಯಿರಿ, ಆ್ಯಸಿಡ್ ಮುಟ್ಟಬೇಡಿ. ನಮ್ಮ ಬೇಸಿಗೆಯ ಬಿಸಿಲಿಗೆ ದಿನವಿಡೀ ಇಟ್ಟ ಪ್ಲಾಸ್ಟಿಕ್ ಸೀಳುತ್ತದೆ, ಆದ್ದರಿಂದ ನೀರು ಆರಿದೊಡನೆ ನೆರಳಿಗೆ ತನ್ನಿ. ಸೀಳಿದ ಆಸನಕ್ಕೆ ಟೇಪ್ ಸುತ್ತಿ ಬಳಸುವ ಉಳಿತಾಯ ಬೇಡ. ಸೀಳು ಕೂಸಿನ ಚರ್ಮವನ್ನು ಚಿವುಟುತ್ತದೆ, ಟೇಪಿನ ಕೆಳಗೆ ಹೊಲಸು ನಿಲ್ಲುತ್ತದೆ.