ಸುಡೊ ನಿಯಮಗಳು ಸಡಿಲವಾಗಿವೆಯೇ? ಲಿನಕ್ಸ್ ಸರ್ವರ್‌ನಲ್ಲಿ ಪರೀಕ್ಷಿಸಿ ಬಿಗಿ ಮಾಡುವುದು ಹೇಗೆ

ಸರ್ವರ್‌ನಲ್ಲಿ ಸಾಮಾನ್ಯ ಖಾತೆ ಇರುವವರು ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಿಬಿಡಲು ಮುಖ್ಯವಾಗಿ ಎರಡು ದಾರಿ. ಒಂದು, ಇನ್ನೊಂದು ಖಾತೆಯ, ಸಾಮಾನ್ಯವಾಗಿ ರೂಟ್‌ನ, ಹಕ್ಕಿನಲ್ಲಿ ಆದೇಶ ಓಡಿಸಲು ಬಿಡುವ ಸುಡೊ, ಪಿಕೆಎಕ್ಸೆಕ್‌ನಂಥ ಉಪಕರಣದೊಳಗಿನ ದೋಷ. ಇನ್ನೊಂದು, ಯಾರು ಯಾವ ಆದೇಶವನ್ನು ಸುಡೊದಿಂದ ಓಡಿಸಬಹುದು ಎಂಬ ನಿಯಮಗಳಿರುವ ಸುಡೋಯರ್ಸ್ ಕಡತದಲ್ಲಿ ಅಡ್ಮಿನ್ ತಾನೇ ಬರೆದಿಟ್ಟ ಸಾಲು. ಮೊದಲನೆಯದಕ್ಕೆ ಪ್ಯಾಚ್ ಬರುತ್ತದೆ. ಎರಡನೆಯದನ್ನು ನೀವೇ ಹುಡುಕಿ ತೆಗೆಯಬೇಕು. (ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.)

ಹೆಜ್ಜೆ 1: ಅಪ್‌ಡೇಟ್ ಮಾಡಿ

ಸುಡೊ ಮತ್ತು ಪೋಲ್ಕಿಟ್ (ಪಿಕೆಎಕ್ಸೆಕ್ ಇದರ ಭಾಗ) ಪ್ಯಾಕೇಜುಗಳನ್ನು ನಿಮ್ಮ ಡಿಸ್ಟ್ರೋದ (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ವಿತರಣೆ) ರೆಪೊಸಿಟರಿಯಿಂದಲೇ ಅಪ್‌ಡೇಟ್ ಮಾಡಿ. 2021ರ ಜನವರಿಯಲ್ಲಿ ಬಯಲಾದ ‘ಬ್ಯಾರನ್ ಸ್ಯಾಮೆಡಿಟ್’ ದೋಷ 2011ರಿಂದಲೂ ಸುಡೊ ಒಳಗಿತ್ತು, ಮೂಲದಲ್ಲಿ 1.9.5ಪಿ2ರಲ್ಲಿ ಸರಿಯಾಯಿತು. 2025ರ ಜೂನ್ ಕೊನೆಗೆ ಬಂದ ಸಿಎಚ್‌ರೂಟ್ (ಬೇರೊಂದು ಫೋಲ್ಡರನ್ನೇ ಮೂಲ ಫೋಲ್ಡರಾಗಿ ಬಳಸುವ) ಆಯ್ಕೆಯ ದೋಷ 1.9.14ರಿಂದ 1.9.17ರವರೆಗಿನದು, ಮದ್ದು 1.9.17ಪಿ1. ಎರಡರಲ್ಲೂ ದಾಳಿಕೋರನಿಗೆ ಸುಡೊ ಅನುಮತಿಯೇ ಬೇಕಿರಲಿಲ್ಲ, ಒಂದು ಖಾತೆ ಸಾಕಿತ್ತು.

ಇಲ್ಲಿ ಹಲವರು ಎಡವುವುದು ಆವೃತ್ತಿ ಸಂಖ್ಯೆ ನೋಡಿ. ಉಬುಂಟು 20.04ರಲ್ಲಿ ಪ್ಯಾಚ್ ಆದ ಮೇಲೂ ಸುಡೊ 1.8.31 ಎಂದೇ ತೋರಿಸುತ್ತದೆ, ಏಕೆಂದರೆ ಡಿಸ್ಟ್ರೋದವರು ಪರಿಹಾರವನ್ನು ಹಳೆಯ ಆವೃತ್ತಿಗೇ ಹೊಲಿದಿರುತ್ತಾರೆ. ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಸಿವಿಇ ಸಂಖ್ಯೆ (ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಇದೆಯೇ ನೋಡಿ: ‘ಆಪ್ಟ್ ಚೇಂಜ್‌ಲಾಗ್ ಸುಡೊ’, ರೆಡ್ ಹ್ಯಾಟ್ ಕಡೆಯಾದರೆ ‘ಆರ್‌ಪಿಎಂ -ಕ್ಯೂ --ಚೇಂಜ್‌ಲಾಗ್ ಸುಡೊ’. ಗಾಬರಿಯಲ್ಲಿ ಸೋರ್ಸ್‌ನಿಂದ ಕಂಪೈಲ್ ಮಾಡಲು ಹೋಗಬೇಡಿ. ಹೊಸದು /ಯುಎಸ್ಆರ್/ಲೋಕಲ್ ಕೆಳಗೆ ಕೂರುತ್ತದೆ, ಹಳೆಯ ದೋಷಪೂರಿತ ಸುಡೊ /ಯುಎಸ್ಆರ್/ಬಿನ್‌ನಲ್ಲಿ ಸೆಟ್‌ಯುಐಡಿ (ಯಾರು ಓಡಿಸಿದರೂ ಕಡತದ ಒಡೆಯನ ಹಕ್ಕಿನಲ್ಲೇ ನಡೆಸುವ ಗುರುತು) ಸಮೇತ ಹಾಗೇ ಉಳಿಯುತ್ತದೆ; ಪೂರ್ತಿ ಪಾತ್ ಕೊಟ್ಟು ಅದನ್ನು ಯಾರಾದರೂ ಕರೆಯಬಹುದು.

ಹೆಜ್ಜೆ 2: ಯಾರಿಗೆ ಏನು ಸಿಕ್ಕಿದೆ

ಪ್ರತಿ ಖಾತೆಗೂ ರೂಟ್ ಆಗಿ ‘ಸುಡೊ -ಎಲ್ -ಯು ಹೆಸರು’ ಓಡಿಸಿ (ಯು ದೊಡ್ಡಕ್ಷರ). ಸಾಮಾನ್ಯವಾಗಿ ಸುಡೊ ಹಕ್ಕಿರುವ ಸುಡೊ, ವೀಲ್ ಗುಂಪುಗಳ ಜತೆ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಉಪಕರಣ) ಗುಂಪನ್ನೂ ನೋಡಿ: ಅದರಲ್ಲಿರುವವರು ಇಡೀ ಡಿಸ್ಕನ್ನು ಕಂಟೇನರ್‌ಗೆ ಮೌಂಟ್ ಮಾಡಿಕೊಳ್ಳಬಲ್ಲರು, ಅಂದರೆ ರೂಟೇ.

ಹೆಜ್ಜೆ 3: ಸಾಲುಗಳನ್ನು ಒಂದೊಂದಾಗಿ ಓದಿ

ಹೆಚ್ಚು ಹೊತ್ತು ಹಿಡಿಯುವುದೂ ಹೆಚ್ಚು ಕೆಡುವುದೂ ಇಲ್ಲಿಯೇ. ಪ್ರತಿ ಸಾಲಿಗೂ ಕೇಳಬೇಕಾದ್ದು ಒಂದೇ: ಈ ಪ್ರೋಗ್ರಾಂ ಒಳಗಿನಿಂದ ಇನ್ನೊಂದು ಪ್ರೋಗ್ರಾಂ ಓಡಿಸಲು ಆಗುತ್ತದೆಯೇ?

ವಿಮ್ (ಎಡಿಟರ್), ಲೆಸ್ (ಪುಟ ಪುಟವಾಗಿ ತೋರಿಸುವ ಪೇಜರ್), ಫೈಂಡ್ (ಕಡತ ಹುಡುಕುವ ಆದೇಶ) ಮೂರಕ್ಕೂ ಉತ್ತರ ಹೌದು. ಲೆಸ್ ತೆರೆದು ಆಶ್ಚರ್ಯಸೂಚಕ ಚಿಹ್ನೆ ಒತ್ತಿದರೆ ಶೆಲ್ (ಆದೇಶ ಹೊಡೆಯುವ ಜಾಗ) ಸಿಗುತ್ತದೆ, ಅದೂ ರೂಟ್ ಶೆಲ್. ‘ಬರೀ ಸ್ಟೇಟಸ್ ನೋಡಲಿ’ ಎಂದು ಸಿಸ್ಟಮ್‌ಸಿಟಿಎಲ್ ಸ್ಟೇಟಸ್ (ಸೇವೆಗಳ ಸ್ಥಿತಿ ತೋರಿಸುವ ಆದೇಶ) ಕೊಟ್ಟಿದ್ದೀರಾ? ಔಟ್‌ಪುಟ್ ಉದ್ದವಾದರೆ ಅದು ಲೆಸ್ ಮೂಲಕವೇ ಬರುತ್ತದೆ. ಈ ಆದೇಶ ಸೇರಿರುವ ಸಿಸ್ಟಮ್‌ಡಿ ಪ್ಯಾಕೇಜು 247ಕ್ಕಿಂತ ಹಳೆಯದಾದರೆ ಅಲ್ಲಿಂದಲೂ ಶೆಲ್. ನಿಯಮದಲ್ಲೇ ‘--ನೋ-ಪೇಜರ್’ ಸೇರಿಸಿ. ಕಡತ ತಿದ್ದಲು ವಿಮ್ ಬದಲು ಸುಡೊಎಡಿಟ್ ಕೊಡಿ: ಅದು ಪ್ರತಿ ಮಾಡಿಕೊಂಡು, ಎಡಿಟರನ್ನು ಬಳಕೆದಾರನ ಹಕ್ಕಿನಲ್ಲೇ ಓಡಿಸಿ, ಮುಗಿದ ಮೇಲೆ ಮೂಲಕ್ಕೆ ಬರೆಯುತ್ತದೆ. ಸುಡೊಎಡಿಟ್‌ಗೂ ಒಂದು ದೋಷ ಇತ್ತು. 2023ರ ಜನವರಿಯಲ್ಲಿ 1.9.12ಪಿ2ರಲ್ಲಿ ಮುಚ್ಚಿದರು.

ಮುಂದಿನದು ನಕ್ಷತ್ರ ಚಿಹ್ನೆ. ‘ಕ್ಯಾಟ್ /ವಾರ್/ಲಾಗ್/*’ ಎಂದು ಬರೆದವರು ಲಾಗ್ ಮಾತ್ರ ಓದಿಸುತ್ತೇವೆ ಅಂದುಕೊಂಡಿರುತ್ತಾರೆ. ಆದರೆ ಆರ್ಗ್ಯುಮೆಂಟ್‌ನಲ್ಲಿ ನಕ್ಷತ್ರವು ಓರೆಗೆರೆಯನ್ನೂ ಖಾಲಿ ಜಾಗವನ್ನೂ ನುಂಗುತ್ತದೆ. ‘/ವಾರ್/ಲಾಗ್/ಸಿಸ್‌ಲಾಗ್ /ಇಟಿಸಿ/ಶ್ಯಾಡೋ’ ಎಂದು ಎರಡು ಕಡತ ಕೊಟ್ಟರೂ ನಿಯಮ ಒಪ್ಪುತ್ತದೆ, ಪಾಸ್‌ವರ್ಡ್ ಹ್ಯಾಷ್‌ಗಳು ತೆರೆಯ ಮೇಲೆ ಬರುತ್ತವೆ. ಕಡತದ ಹೆಸರನ್ನು ಪೂರ್ತಿ ಬರೆಯಿರಿ. 1.9.10ರಿಂದ ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯದ ಮಾದರಿ ಹೊಂದಿಸುವ ಸೂತ್ರ) ಸೌಲಭ್ಯವಿದೆ, ಆದರೂ ಐದು ಕಡತಕ್ಕೆ ಐದು ಸಾಲು ಬರೆಯುವುದೇ ವಾಸಿ.

‘ಎಲ್ಲವೂ ಸರಿ, ಬ್ಯಾಷ್ ಮಾತ್ರ ಬೇಡ’ ಎಂಬ ನಿಷೇಧದ ಸಾಲು ಕಂಡರೆ ಅಳಿಸಿ. ಬ್ಯಾಷನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿಕೊಂಡರೆ ನಿಷೇಧ ಮುಗಿಯಿತು. ‘ರೂಟ್ ಬಿಟ್ಟು ಯಾರಾಗಿಯಾದರೂ ಓಡಿಸಲಿ’ ಎಂಬ ನಿಯಮವನ್ನು ಬಳಕೆದಾರ ಸಂಖ್ಯೆ -1 ಕೊಟ್ಟು ದಾಟಬಹುದಿತ್ತು; 2019ರ ಅಕ್ಟೋಬರ್‌ನಲ್ಲಿ 1.8.28 ಬಂದಾಗಲೇ ಅದು ನಿಂತದ್ದು.

ಕೊನೆಗೆ ಸ್ಕ್ರಿಪ್ಟ್‌ಗಳು. ಕಡತದ ಒಡೆಯ ರೂಟ್ ಆಗಿದ್ದರೆ ಸಾಲದು. ಫೋಲ್ಡರ್ ಬಳಕೆದಾರನದಾಗಿದ್ದರೆ ಕಡತವನ್ನೇ ತೆಗೆದು ಅದೇ ಹೆಸರಿನ ಇನ್ನೊಂದನ್ನು ಇಡುತ್ತಾನೆ. ಹೋಮ್ ಕೆಳಗಿನ ಯಾವ ಸ್ಕ್ರಿಪ್ಟ್‌ಗೂ ಸುಡೊ ಬೇಡ. ಅಗ್ಗದ ವೆಬ್ ಪ್ಯಾನೆಲ್‌ಗಳ ಇನ್‌ಸ್ಟಾಲರ್‌ಗಳು ವೆಬ್ ಸರ್ವರ್ ಖಾತೆಗೆ ಪಾಸ್‌ವರ್ಡ್ ಇಲ್ಲದ ಪೂರ್ಣ ಸುಡೊ ಬರೆದು ಹೋಗುವುದುಂಟು. ಅಂಥದ್ದನ್ನು ಹಾಕಲೇಬೇಡಿ.

ಹೆಜ್ಜೆ 4: ತಿದ್ದುವುದು

ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ ಶೆಲ್ ತೆರೆದಿಟ್ಟೇ ಶುರು ಮಾಡಿ. ಉಳಿಸುವ ಮುನ್ನ ವ್ಯಾಕರಣ ಪರೀಕ್ಷಿಸುವ ವಿಸುಡೊ ಮೂಲಕ ಮಾತ್ರ ತಿದ್ದಿ. ವ್ಯಾಕರಣ ತಪ್ಪಾದ ಸುಡೋಯರ್ಸ್ ಕಡತ ನಿಮ್ಮನ್ನೇ ಹೊರಗೆ ಹಾಕಬಹುದು. ಹೆಚ್ಚುವರಿ ನಿಯಮ ಕಡತಗಳನ್ನು ಇಡುವ ಸುಡೋಯರ್ಸ್.ಡಿ ಫೋಲ್ಡರ್‌ನಲ್ಲಿ ಕಡತದ ಹೆಸರಿಗೆ ಚುಕ್ಕೆ ಇದ್ದರೆ ಸುಡೊ ಅದನ್ನು ಓದುವುದೇ ಇಲ್ಲ, ತಪ್ಪನ್ನೂ ತೋರಿಸುವುದಿಲ್ಲ. ‘ಬ್ಯಾಕಪ್.ಕಾನ್ಫ್’ ಎಂದು ಹೆಸರಿಟ್ಟು ತಲೆ ಕೆರೆದುಕೊಳ್ಳುವವರು ಕಡಿಮೆಯಿಲ್ಲ. ಒಂದೇ ಆದೇಶಕ್ಕೆ ಎರಡು ಸಾಲು ಹೊಂದಿದರೆ ಕೊನೆಯದೇ ನಡೆಯುತ್ತದೆ. ಮುಗಿಸಿದ ಮೇಲೆ ‘ವಿಸುಡೊ -ಸಿ’ ಓಡಿಸಿ ವ್ಯಾಕರಣ ಪರೀಕ್ಷಿಸಿ.

ಹೆಜ್ಜೆ 5: ಉಳಿದ ಸೆಟ್‌ಯುಐಡಿ ಕಡತಗಳು

‘ಫೈಂಡ್ / -ಎಕ್ಸ್‌ಡೆವ್ -ಪರ್ಮ್ -4000 -ಟೈಪ್ ಎಫ್’ ಓಡಿಸಿ. ಎಕ್ಸ್‌ಡೆವ್ ಒಂದೇ ಫೈಲ್‌ಸಿಸ್ಟಮ್ ಒಳಗೆ ಹುಡುಕುವುದರಿಂದ /ಹೋಮ್ ಬೇರೆ ಪಾರ್ಟಿಷನ್ ಆಗಿದ್ದರೆ ಅಲ್ಲೂ ಓಡಿಸಬೇಕು. ಪಟ್ಟಿಯಲ್ಲಿ ಪಿಕೆಎಕ್ಸೆಕ್ ಇರುವುದುಂಟು. 2022ರ ಜನವರಿಯಲ್ಲಿ ಹೊರಬಿದ್ದ ‘ಪ್ವನ್‌ಕಿಟ್’ ದೋಷ ಅದರೊಳಗೆ 2009ರಿಂದಲೂ ಇತ್ತು. ಡೆಸ್ಕ್‌ಟಾಪ್ ಇಲ್ಲದ, ಅಪ್‌ಡೇಟ್ ಸಿಗದ ಹಳೆಯ ಸರ್ವರ್ ಆದರೆ ‘ಸಿಎಚ್‌ಮಾಡ್ 0755 /ಯುಎಸ್ಆರ್/ಬಿನ್/ಪಿಕೆಎಕ್ಸೆಕ್’ ಮಾಡಿಬಿಡಿ. ಡೆಬಿಯನ್, ಉಬುಂಟುಗಳಲ್ಲಿ ಈ ಬದಲಾವಣೆಯನ್ನು ಡಿಪಿಕೆಜಿ-ಸ್ಟ್ಯಾಟ್‌ಓವರ್‌ರೈಡ್‌ನಲ್ಲೂ ದಾಖಲಿಸಿ. ಇಲ್ಲದಿದ್ದರೆ ಪ್ಯಾಕೇಜ್ ಮರುಸ್ಥಾಪನೆಯಾದಾಗ ಸೆಟ್‌ಯುಐಡಿ ಬಿಟ್ ಮತ್ತೆ ಬಂದು ಕೂರುತ್ತದೆ.