ಅಂಗಳ ಬಗೆಯುವ ದೊಡ್ಡ ನಾಯಿ: ಬೈಯುವ ಮೊದಲು ಗುಂಡಿ ನೋಡಿ

ದೀಪಾವಳಿ ಕಳೆಯಿತೆಂದರೆ ಶಿರಸಿ ಕಡೆಯ ಅಡಿಕೆ ಮನೆಗಳಲ್ಲಿ ಅಂಗಳ ಮಾಡುವ ಗಡಿಬಿಡಿ. ಮಳೆಗಾಲದ ಹಾವಸೆ ಕೆರೆಯಬೇಕು, ತಗ್ಗಿಗೆ ಮಣ್ಣು ತುಂಬಬೇಕು, ನೀರು ಚಿಮುಕಿಸಿ ಬಡಿಯಬೇಕು, ಆಮೇಲೆ ಸಗಣಿ ಹಾಕಿ ಸಾರಿಸಬೇಕು. ಮೂರು ವರ್ಷದ ಹಿಂದೆ ನಮ್ಮನೆಯಲ್ಲಿ ಎರಡು ದಿನ ಸೊಂಟ ಬೀಳುವಷ್ಟು ದುಡಿದು ಅಂಗಳ ಮಾಡಿದ್ದೆವು. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ನಟ್ಟನಡುವೆ ಮೊಣಕಾಲು ಮುಳುಗುವಷ್ಟು ಗುಂಡಿ. ಪಕ್ಕದಲ್ಲಿ 32 ಕಿಲೋ ತೂಗುವ ನಮ್ಮ ಕರಿಯ, ಮೂತಿಗೆಲ್ಲ ಸಗಣಿ ಮೆತ್ತಿಕೊಂಡು, ಬಾಲ ಅಲ್ಲಾಡಿಸುತ್ತ ಕೂತಿದ್ದ. ‘ಇದು ನಾಯಿಯೋ ಜೆಸಿಬಿಯೋ ಮಾರಾಯಾ?’ ಅಂದರು ಅಪ್ಪಯ್ಯ.

ಬೈದೆವು. ಕಟ್ಟಿ ಹಾಕಿದೆವು. ಗುಂಡಿ ಮುಚ್ಚಿ ಮೇಲೆ ಕಲ್ಲು ಹೇರಿದೆವು. ಬಿಟ್ಟ ಮರುದಿನವೇ ಕಲ್ಲಿನ ಪಕ್ಕ ಇನ್ನೊಂದು ಗುಂಡಿ. ಅದರಿಂದ ಹೊರಬಿದ್ದ ಮಣ್ಣನ್ನು ಕೈಯಲ್ಲಿ ಉದುರಿಸಿ ನೋಡಿದಾಗ ಗುಟ್ಟು ತಿಳಿಯಿತು. ಬಿಳಿ ಮೈ, ಕಂದು ತಲೆ, ಹೆಬ್ಬೆರಳಷ್ಟು ದಪ್ಪದ ಗೊಬ್ಬರದ ಹುಳವೊಂದು ಮುದುಡಿಕೊಂಡು ಮಲಗಿತ್ತು. ತಗ್ಗು ತುಂಬಲು ಗೊಬ್ಬರಗುಂಡಿಯ ಪಕ್ಕದ ಮಣ್ಣನ್ನು ನಾವೇ ಹೊತ್ತು ತಂದಿದ್ದೆವು! ಕರಿಯನ ಲೆಕ್ಕದಲ್ಲಿ ನಾವು ಅವನಿಗೆ ತಿಂಡಿ ಹೂತಿಟ್ಟಿದ್ದೆವು, ಅಷ್ಟೇ.

ನೆಲ ಬಗೆಯುವುದು ನಾಯಿಯ ಹುಟ್ಟುಗುಣ. ಪೂರ್ತಿ ನಿಲ್ಲಿಸಲು ಹೊರಟರೆ ಸೋಲು ನಮ್ಮದೇ. ಯಾಕೆ ಬಗೆಯುತ್ತದೆ ಅಂತ ಹಿಡಿದು, ಎಲ್ಲಿ ಬಗೆಯಬೇಕು ಅಂತ ಕಲಿಸಿದರೆ ಅಂಗಳ ಉಳಿಯುತ್ತದೆ. ಲ್ಯಾಬ್ರಡಾರ್ ಇರಲಿ, ಜರ್ಮನ್ ಶೆಫರ್ಡ್ ಇರಲಿ, ಮುಧೋಳವಿರಲಿ, ಮೈ ಬೆಳೆಸಿಕೊಂಡ ಊರ ನಾಯಿಯೇ ಇರಲಿ, ಕ್ರಮ ಹೆಚ್ಚುಕಮ್ಮಿ ಇದೇ.

ಮೊದಲ ಕೆಲಸ: ಗುಂಡಿ ಓದುವುದು

ಒಂದು ವಾರ ಸುಮ್ನೆ ಗಮನಿಸಿ. ಎಲ್ಲಿ ಬಗೆಯಿತು, ಎಷ್ಟು ಹೊತ್ತಿಗೆ, ಗುಂಡಿಯ ಆಕಾರ ಹೇಗಿತ್ತು ಅಂತ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗುಂಡಿ ಅಗಲವಾಗಿದ್ದು, ಆಳ ಕಮ್ಮಿಯಿದ್ದು, ನಾಯಿ ಅದರೊಳಗೆ ಹೊಟ್ಟೆ ಒತ್ತಿ ಮಲಗುತ್ತದೆಯೇ? ಜಾಗ ಬಚ್ಚಲಿನ ಹಿಂದೆ, ನಲ್ಲಿಯ ಬುಡ, ಗೋಡೆಯ ನೆರಳು? ಹಾಗಾದರೆ ಅದಕ್ಕೆ ಸೆಕೆ.

ಗುಂಡಿ ಕಿರಿದಾಗಿದ್ದು ಒಂದೇ ದಿಕ್ಕಿಗೆ ಸಾಗಿದೆಯೇ? ಬಗೆಯುವಾಗ ನಡುನಡುವೆ ನಿಲ್ಲಿಸಿ, ತಲೆ ಓರೆ ಮಾಡಿ ಕಿವಿಗೊಟ್ಟು ಕೇಳುತ್ತದೆಯೇ? ನೆಲದೊಳಗೆ ಹೆಗ್ಗಣವೋ ಇಲಿಯೋ ಹುಳವೋ ಇದೆ. ಕಾರವಾರ, ಅಂಕೋಲಾದ ಸಮುದ್ರದ ಬದಿಯ ಮನೆಗಳಾದರೆ ಏಡಿ.

ಬೇಲಿಯ ಬುಡದಲ್ಲೇ ಬಗೆದರೆ ಅದು ಹೊರಗೆ ಹೋಗುವ ದಾರಿ. ಗಂಡು ನಾಯಿಯಾದರೆ ಊರಲ್ಲಿ ಯಾವುದೋ ಹೆಣ್ಣು ನಾಯಿ ಬೆದೆಗೆ ಬಂದಿರಬಹುದು. ಸಣ್ಣ ಗುಂಡಿ ತೋಡಿ, ಮೂತಿಯಲ್ಲೇ ಮಣ್ಣು ತಳ್ಳಿ ಮುಚ್ಚಿದ್ದರೆ ರೊಟ್ಟಿಯನ್ನೋ ಎಲುಬನ್ನೋ ಬಚ್ಚಿಟ್ಟಿದೆ. ಗಬ್ಬದ ನಾಯಿ ಮೂಲೆಯಲ್ಲಿ ಬಗೆಯುವುದು ಮರಿ ಹಾಕಲು ಜಾಗ ಹುಡುಕಿಕೊಂಡು. ನಾಯಿಯ ಗಬ್ಬ ಸುಮಾರು 63 ದಿನ. ದಿನ ಲೆಕ್ಕ ಹಾಕಿ, ಕೊಟ್ಟಿಗೆಯ ಒಣ ಮೂಲೆಯಲ್ಲಿ ಹಳೆಯ ಕಂಬಳಿ ಹಾಸಿಕೊಟ್ಟರೆ ಆ ಸಮಸ್ಯೆ ಅಲ್ಲಿಗೆ ಮುಗಿಯಿತು.

ಅಂಗಳದ ತುಂಬ ಅಲ್ಲೊಂದು ಇಲ್ಲೊಂದು ಗುಂಡಿ, ಜೊತೆಗೆ ಕಚ್ಚಿ ಹಾಕಿದ ಚಪ್ಪಲಿ, ಎಳೆದಾಡಿದ ಒಗೆದ ಬಟ್ಟೆ. ಇದು ಬೇಸರ. ದೊಡ್ಡ ನಾಯಿಗಳಲ್ಲಿ ನಾನು ಹೆಚ್ಚು ಕಂಡಿದ್ದು ಇದನ್ನೇ.

ಎರಡನೆಯದು: ಮೈಗೂ ಮೂಗಿಗೂ ಕೆಲಸ

‘ಅಂಗಳ ಇಷ್ಟು ದೊಡ್ಡದಿದೆ, ಅದೇ ಓಡಾಡಿಕೊಳ್ಳುತ್ತದೆ’ ಅನ್ನುವವರು ಬಹಳ. ಓಡಾಡುವುದಿಲ್ಲ. ಒಂದು ಸುತ್ತು ಹಾಕಿ, ಮೂಸಿ, ಮಲಗಿ, ಎದ್ದು ಬಗೆಯುತ್ತದೆ. ನಿತ್ಯ ನೋಡಿದ ಅಂಗಳದಲ್ಲಿ ಅದಕ್ಕೆ ಹೊಸದೇನಿದೆ? ಆರೋಗ್ಯವಾಗಿರುವ ದೊಡ್ಡ ನಾಯಿಗೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹೊರಗಿನ ನಡಿಗೆ ಬೇಕೇ ಬೇಕು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲು ಹೋಗಿಬನ್ನಿ. ನಡೆಯುವಾಗ ಮೂಸಲು ಬಿಡಿ. ಎಳೆದುಕೊಂಡು ಹೋದ ಎರಡು ಕಿಲೋಮೀಟರಿಗಿಂತ ಮೂಸುತ್ತ ಹೋದ ಅರ್ಧ ಕಿಲೋಮೀಟರು ಅದನ್ನು ಜಾಸ್ತಿ ದಣಿಸುತ್ತದೆ.

ಮಳೆ ಹಿಡಿದು ಹೊಡೆಯುವ ಆಷಾಢದಲ್ಲಿ ಹೊರಗೆ ಹೋಗುವುದು ಕಷ್ಟ. ಆಗ ಊಟವನ್ನು ತಟ್ಟೆಯಲ್ಲಿ ಇಡಬೇಡಿ. ದೋಸೆ ಚೂರು, ರಸ್ಕಿನ ತುಂಡುಗಳನ್ನು ಜಗುಲಿಯ ಮೇಲೆ ಹಳೆಯ ಗೋಣಿಚೀಲದ ಮಡಿಕೆಗಳಲ್ಲಿ ಅಡಗಿಸಿ, ಹುಡುಕಲು ಬಿಡಿ. ಕಾಲು ಗಂಟೆ ಮೂಗು ದುಡಿದರೆ ಆಮೇಲೆ ಎರಡು ತಾಸು ನಿದ್ದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಬೇಡ. ಮೂರೂ ನಾಯಿಗೆ ವಿಷ.

ಮೂರನೆಯದು: ತಂಪು

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ತೇಕಿಯೇ ಸೆಕೆ ಕಳೆದುಕೊಳ್ಳಬೇಕು. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ತೇಕಿದರೂ ಮೈ ಬೇಗ ತಣಿಯುವುದಿಲ್ಲ. ಮಾರ್ಚ್‌ನಿಂದ ಮಳೆ ಬೀಳುವವರೆಗೆ ಕುಮಟಾ, ಹೊನ್ನಾವರದ ನಾಯಿಗಳು ಹೊಯ್ಗೆ ಬಗೆದು ಮಲಗುವುದು ಇದಕ್ಕೇ. ಮೇಲಿನ ಬಿಸಿ ಮರಳು ಸರಿಸಿದರೆ ಕೆಳಗೆ ಒದ್ದೆ, ತಂಪು.

ಅದಕ್ಕಿಂತ ತಂಪಾದ ಜಾಗ ಕೊಟ್ಟರಾಯಿತು. ಹಲಸಿನ ಮರದ ಬುಡದಲ್ಲಿ ಅಡಿಕೆ ದಬ್ಬೆ ಹೊಡೆದು ಒಂದಡಿ ಎತ್ತರದ ಮಂಚ ಮಾಡಿ. ಅಡಿಯಿಂದ ಗಾಳಿ ಆಡುತ್ತದೆ. ಮೇಲೊಂದು ಒದ್ದೆ ಗೋಣಿಚೀಲ. ನೆರಳಿಲ್ಲದಿದ್ದರೆ ಸೋಗೆಯ ಚಪ್ಪರ. ದನಕ್ಕೆ ಅಕ್ಕಚ್ಚು ಹಾಕುತ್ತಿದ್ದ ಹಳೆಯ ಕಲ್ಲಿನ ಮರಿಗೆ ಹಿತ್ತಲಲ್ಲಿ ಬಿದ್ದಿದ್ದರೆ ತೊಳೆದು ನೀರು ತುಂಬಿಡಿ. ದೊಡ್ಡ ನಾಯಿ ಮಗುಚಿ ಹಾಕಲಾಗದ ಪಾತ್ರೆ ಅದೊಂದೇ! ಸೊಳ್ಳೆ ಮೊಟ್ಟೆ ಇಡದಂತೆ ನೀರು ದಿನಾ ಬದಲಿಸಿ.

ಹಾಸಲು ಬೆಟ್ಟದಿಂದ ತಂದ ದರಕು (ಒಣ ಎಲೆ) ಬೇಡ. ಅದರಲ್ಲಿ ಉಣುಗು (ಉಣ್ಣೆ) ಇರುತ್ತದೆ, ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯದು: ನೆಲದೊಳಗಿನ ಆಸೆ ತೆಗೆಯುವುದು

ಹೆಗ್ಗಣದ ಬಿಲ ಮುಚ್ಚಿ, ಅಕ್ಕಿ-ಹಿಂಡಿ ಮೂಟೆಗಳನ್ನು ಮುಚ್ಚಳದ ಡಬ್ಬಕ್ಕೆ ಹಾಕಿ, ಬೋನು ಇಡಿ. ವಿಷ ಇಡಬೇಡಿ. ವಿಷ ತಿಂದ ಇಲಿಯನ್ನು ನಾಯಿ ತಿಂದರೆ ಅದರ ಗತಿಯೂ ಅದೇ ಆಗಬಹುದು. ತೋಟಕ್ಕೆ ಬಸವನಹುಳು ಸಾಯಲೆಂದು ಹಾಕುವ ಮೆಟಾಲ್ಡಿಹೈಡ್ ಗುಳಿಗೆಯನ್ನೂ ನಾಯಿಗಳು ತಿಂಡಿ ಅಂತ ನೆಕ್ಕುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ನಡುಕ, ಸೆಳೆತ ಶುರುವಾಗುತ್ತದೆ.

ಗೊಬ್ಬರವೂ ನಾಯಿಯನ್ನು ಕರೆಯುತ್ತದೆ. ಕರಾವಳಿಯಲ್ಲಿ ತೆಂಗಿನ ಬುಡಕ್ಕೆ ಮೀನಿನ ಗೊಬ್ಬರ ಹಾಕುವ ಪದ್ಧತಿ ಹಳೆಯದು. ಹಾಕಿದ ರಾತ್ರಿಯೇ ಊರ ನಾಯಿಗಳೆಲ್ಲ ಅಲ್ಲಿ ಹಾಜರು. ಆಳಕ್ಕೆ ಹಾಕಿ, ಮೇಲೆ ತೆಂಗಿನ ಸಿಪ್ಪೆ ಬೋರಲು ಜೋಡಿಸಿ, ಕಲ್ಲು ಹೇರಿ. ಎಲುಬಿನ ಪುಡಿಯದ್ದೂ ಇದೇ ಕಥೆ. ಹರಳು (ಔಡಲ) ಹಿಂಡಿಯನ್ನಂತೂ ನಾಯಿ ಇರುವ ಮನೆಗೆ ತರಲೇಬೇಡಿ. ಅದರಲ್ಲಿ ರಿಸಿನ್ ಎಂಬ ವಿಷ ಇರುತ್ತದೆ. ನಾಯಿಗೆ ಅದರ ವಾಸನೆ ಇಷ್ಟ, ಬಗೆದು ತಿನ್ನುತ್ತದೆ. ವಾಂತಿ, ರಕ್ತಭೇದಿಯಾಗಿ ಸತ್ತೇ ಹೋಗಬಹುದು. ಬದಲಿಗೆ ಬೇವಿನ ಹಿಂಡಿ ಹಾಕಿ. ಕಹಿಗೆ ಹೆಚ್ಚಿನ ನಾಯಿಗಳು ಮೂತಿ ಹಿಂದೆ ತೆಗೆಯುತ್ತವೆ.

ಇನ್ನೊಂದು ಮಾತು. ಹೆಗ್ಗಣದ ಬಿಲಕ್ಕೆ ಮೂತಿ ಹಾಕುವ ನಾಯಿಗೆ ಇಲಿಜ್ವರ ಬರಬಹುದು. ನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯಲ್ಲಿ ಇಲಿಜ್ವರದ್ದೂ ಸೇರಿದೆಯೇ ಅಂತ ಕೇಳಿ. ಮಣ್ಣು ಬಗೆಯುವ ನಾಯಿಗೆ ಜಂತುಹುಳದ ಮಾತ್ರೆ 3 ತಿಂಗಳಿಗೊಮ್ಮೆ ಕೊಡಿಸಿ. ಅದೇ ಅಂಗಳದಲ್ಲಿ ಮಕ್ಕಳು ಬರಿಗಾಲಲ್ಲಿ ಆಡುತ್ತಾರಲ್ವಾ?

ಐದನೆಯದು: ಅದರದ್ದೇ ಒಂದು ಗುಂಡಿ

ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೀರಿ ಅಂತಾದರೆ ಇದನ್ನು ಮಾಡಿ.

ಮನೆಯಿಂದ ಕಾಣುವ, ನೆರಳಿರುವ ಮೂಲೆ ಆರಿಸಿ. ಹಿತ್ತಲ ಕೊನೆಗೆ ಮಾಡಿದರೆ ನಾಯಿ ಅತ್ತ ಹೋಗುವುದಿಲ್ಲ. ಅದಕ್ಕೆ ನಿಮ್ಮ ಮುಖ ಕಾಣುತ್ತಿರಬೇಕು. ದೊಡ್ಡ ನಾಯಿಗೆ 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳ ಸಾಕು. ಸುತ್ತ ಒಂದು ಸಾಲು ಚಿರೇಕಲ್ಲು ಇಡಿ. ಬಿದ್ದ ಅಡಿಕೆ ಮರದ ತುಂಡು ಅಡ್ಡ ಹಾಕಿದರೂ ನಡೆಯುತ್ತದೆ. ಗಡಿ ಕಣ್ಣಿಗೆ ಕಾಣುವುದು ಮುಖ್ಯ. ಒಳಗೆ ಅರ್ಧ ಮರಳು, ಅರ್ಧ ಸಡಿಲ ಮಣ್ಣು. ಘಟ್ಟದ ಮೇಲಿನ ಜಿಗುಟು ಮಣ್ಣೊಂದನ್ನೇ ತುಂಬಿದರೆ ಬೇಸಿಗೆಯಲ್ಲಿ ಇಟ್ಟಿಗೆಯಾಗುತ್ತದೆ, ಮಳೆಗಾಲದಲ್ಲಿ ಕೆಸರು. ಮರಳಿಗಾಗಿ ದುಡ್ಡು ಸುರಿಯಬೇಡಿ. ಮನೆ ಕಟ್ಟಿದಾಗ ಉಳಿದು ಮೂಲೆಯಲ್ಲಿ ಹುಲ್ಲು ಬೆಳೆದ ರಾಶಿ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಅದರಲ್ಲಿ ಮೊಳೆ, ಗಾಜಿನ ಚೂರು ಇಲ್ಲ ಅಂತ ಜರಡಿ ಹಿಡಿದು ನೋಡಿಕೊಳ್ಳಿ.

ಮೊದಲ ದಿನ ಅದರ ಇಷ್ಟದ ಚೆಂಡನ್ನು ಅರ್ಧ ಹೂತು, ಅರ್ಧ ಕಾಣುವಂತೆ ಬಿಡಿ. ನಾಯಿಯನ್ನು ಕರೆದು ತಂದು ನೀವೇ ಕೈಯಲ್ಲಿ ನಾಲ್ಕು ಸಲ ಮಣ್ಣು ಕೆದರಿ. ನಮ್ಮ ಆಯಿ ಕಿಟಕಿಯಿಂದ ನೋಡಿ ‘ಇಬ್ಬರಿಗೂ ಹುಚ್ಚು’ ಅಂದಿದ್ದಳು. ಪರವಾಗಿಲ್ಲ. ಅದು ಕಾಲು ಹಾಕಿದ ಕ್ಷಣ ‘ಬಗಿ’ ಅನ್ನಿ, ಚೆಂಡು ಸಿಕ್ಕಿದ ಕೂಡಲೇ ಹೊಗಳಿ, ಒಂದು ಚೂರು ತಿಂಡಿ ಕೊಡಿ. ಹೊಗಳಿಕೆ ತಡವಾಗಬಾರದು. ಎರಡು ಸೆಕೆಂಡು ದಾಟಿದರೆ ಯಾಕೆ ಹೊಗಳಿದ್ದು ಅಂತ ಅದಕ್ಕೆ ತಿಳಿಯುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಆಳಕ್ಕೆ ಹೂಳಿ. ವಾರ ಕಳೆದ ಮೇಲೆ ಅದಕ್ಕೆ ಕಾಣದ ಹಾಗೆ ರಾತ್ರಿ ಹೂತಿಡಿ. ಬೆಳಿಗ್ಗೆ ತಾನಾಗಿ ಹೋಗಿ ಹುಡುಕುತ್ತದೆ. ತೆಂಗಿನ ಸಿಪ್ಪೆಯನ್ನು ಹರಿದು ನುಂಗುವ ಅಭ್ಯಾಸವಿದ್ದರೆ ಅದನ್ನು ಮಾತ್ರ ಹೂಳಬೇಡಿ. ನಾರು ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ.

ಬೇರೆ ಕಡೆ ಬಗೆಯುತ್ತಿರುವಾಗಲೇ ಕಂಡರೆ ಒಮ್ಮೆ ‘ಬೇಡ’ ಅನ್ನಿ, ಕರೆದುಕೊಂಡು ಬಂದು ಅದರ ಗುಂಡಿಯಲ್ಲಿ ನಿಲ್ಲಿಸಿ ‘ಬಗಿ’ ಅನ್ನಿ. ಕೂಗುತ್ತ ಬೆನ್ನಟ್ಟಿದರೆ ಅದೊಂದು ಆಟವಾಗುತ್ತದೆ, ಆ ಆಟಕ್ಕಾಗಿಯೇ ಬಗೆಯಲು ಶುರು ಮಾಡುತ್ತದೆ. ಕರಿಯ ಪಾಠ ಕಲಿಯಲು ಮೂರು ವಾರ ಹಿಡಿಯಿತು. ಅಷ್ಟು ದಿನ ನಾವು ಯಾರೂ ನೋಡಲು ಇಲ್ಲದ ಹೊತ್ತಿನಲ್ಲಿ ಅವನನ್ನು ಅಂಗಳಕ್ಕೆ ಒಬ್ಬನೇ ಬಿಡಲಿಲ್ಲ. ಅದೇ ದೊಡ್ಡ ಕಷ್ಟ. ಉಳಿದದ್ದೆಲ್ಲ ಸಲೀಸು.

ಬೇಲಿ, ಹೂವಿನ ಸಾಲು

ಬೇಲಿಯ ಬುಡಕ್ಕೆ ಒಂದೂವರೆ ಅಡಿ ಅಗಲದ ತಂತಿ ಜಾಲರಿಯನ್ನು ಒಳಬದಿಗೆ ನೆಲದ ಮೇಲೆ ಮಲಗಿಸಿ, ನಾಲ್ಕು ಬೆರಳು ಮಣ್ಣು ಮುಚ್ಚಿ. ಚೂಪು ತುದಿಗಳನ್ನು ಕೆಳಕ್ಕೆ ಮಡಚಿ, ಇಲ್ಲವಾದರೆ ಅಂಗಾಲು ಸೀಳುತ್ತದೆ. ಕಾರವಾರದ ಉಪ್ಪುಗಾಳಿಗೆ ಸಾಮಾನ್ಯ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಚಿರೇಕಲ್ಲನ್ನು ಅರ್ಧ ಹೂತು ಸಾಲಾಗಿ ನಿಲ್ಲಿಸುವುದೇ ಒಳ್ಳೆಯದು. ದಣಪೆಯ (ಬೇಲಿ ಬಾಗಿಲಿನ) ಅಡಿಯನ್ನೂ ಮರೆಯಬೇಡಿ. ಬೆದೆಯ ವಾಸನೆ ಹಿಡಿದು ಓಡುವ ಗಂಡು ನಾಯಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಅದಕ್ಕೆ ಸಂತಾನಹರಣ ಆಪರೇಷನ್ನೇ ಸರಿ. ದೊಡ್ಡ ತಳಿಗೆ ಯಾವ ವಯಸ್ಸಿಗೆ ಮಾಡಿಸಬೇಕು ಅಂತ ಪಶುವೈದ್ಯರನ್ನು ಕೇಳಿ.

ಹೊಸದಾಗಿ ನೆಟ್ಟ ಗಿಡದ ಸುತ್ತ ಮುಷ್ಟಿ ಗಾತ್ರದ ಕಲ್ಲು ಹಾಸಿ. ಸಡಿಲ ಮಣ್ಣು ಕಂಡರೆ ಸಾಕು, ನಾಯಿಯ ಕಾಲು ತುರಿಸುತ್ತದೆ. ಇನ್ನೊಂದು: ನೀವು ಗಿಡ ನೆಡುವುದನ್ನು ಅದಕ್ಕೆ ತೋರಿಸಬೇಡಿ. ನೀವು ಬಗೆದಿದ್ದನ್ನು ನೋಡಿ ಅದೂ ಅಲ್ಲೇ ಬಗೆಯುತ್ತದೆ.

ಇವನ್ನು ಮಾಡಬೇಡಿ

ಮೆಣಸಿನ ಪುಡಿ ಎರಚುವುದು. ನಾವೂ ಎರಚಿದ್ದೆವು. ಕರಿಯ ಮೂತಿ ಉಜ್ಜಿಕೊಂಡು ಕಣ್ಣು ಕೆಂಪು ಮಾಡಿಕೊಂಡ, ಮರುದಿನದ ಮಳೆಗೆ ಪುಡಿ ತೊಳೆದು ಹೋಯಿತು, ಗುಂಡಿ ಹಾಗೇ ಮುಂದುವರಿಯಿತು. ನುಸಿಗುಳಿಗೆ ಹಾಕುವುದೂ ಬೇಡ, ನುಂಗಿದರೆ ವಿಷ. ಗುಂಡಿಯಲ್ಲಿ ನೀರು ತುಂಬಿ ನಾಯಿಯ ತಲೆ ಮುಳುಗಿಸುವ ಉಪಾಯ ಹೇಳುವವರಿದ್ದಾರೆ. ಅದು ಬರೀ ಕ್ರೌರ್ಯ. ಸಂಜೆ ಮನೆಗೆ ಬಂದು, ಬೆಳಿಗ್ಗೆ ತೋಡಿದ ಗುಂಡಿ ತೋರಿಸಿ ಹೊಡೆದರೆ ನಾಯಿಗೆ ತಿಳಿಯುವುದು ಒಂದೇ: ನೀವು ಮನೆಗೆ ಬಂದರೆ ಪೆಟ್ಟು ಬೀಳುತ್ತದೆ. ಅದರ ಹಿಕ್ಕೆಯನ್ನೇ ಗುಂಡಿಗೆ ಹಾಕಿ ಮುಚ್ಚುವ ಉಪಾಯ ಕೆಲವು ನಾಯಿಗಳಿಗೆ ನಾಟುತ್ತದೆ. ನಮ್ಮವನು ಆ ಗುಂಡಿ ಬಿಟ್ಟ, ಒಂದು ಮಾರು ದೂರದಲ್ಲಿ ಹೊಸದು ಶುರು ಮಾಡಿದ.

ಬಗೆಯುತ್ತದೆ ಅಂತ ರಾತ್ರಿ ಹೊರಗೆ ಸರಪಳಿಗೆ ಕಟ್ಟುವುದಂತೂ ಬೇಡವೇ ಬೇಡ. ಘಟ್ಟದ ಮೇಲೆ ಚಿರತೆಗೆ ಕಟ್ಟಿದ ನಾಯಿಯಷ್ಟು ಸುಲಭದ ಊಟ ಇನ್ನೊಂದಿಲ್ಲ. ಕತ್ತಲಾದ ಮೇಲೆ ಬಾಗಿಲಿರುವ ಗೂಡಿನಲ್ಲೋ ಕೊಟ್ಟಿಗೆಯಲ್ಲೋ ಇರಲಿ. ಹಗಲು ಹುತ್ತದ ಹತ್ತಿರ, ಕಟ್ಟಿಗೆ ರಾಶಿಯ ಅಡಿ ಬಗೆಯಲು ಹೋದರೆ ತಕ್ಷಣ ಕರೆಯಿರಿ. ಮೂತಿಯೋ ಕಾಲೋ ಏಕಾಏಕಿ ಊದಿಕೊಂಡರೆ ಹಾವು ಅಂತಲೇ ಎಣಿಸಿ, ಔಷಧಿ ಸೊಪ್ಪು ಹುಡುಕುತ್ತ ಕೂರದೆ ಪಶು ಆಸ್ಪತ್ರೆಗೆ ಒಯ್ಯಿರಿ.

ಕರಿಯನ ಗುಂಡಿಗೆ ಈಗ ತಗಡಿನ ಮಾಡು ಇದೆ. ಮೊದಲ ವರ್ಷ ಮಾಡು ಹಾಕದೆ ಬಿಟ್ಟು, ಜುಲೈ ಹೊತ್ತಿಗೆ ಅದು ಕಪ್ಪೆಗಳ ಕೆರೆಯಾಗಿತ್ತು. ಬೆಕ್ಕು ಗಲೀಜು ಮಾಡದಂತೆ ರಾತ್ರಿ ಹಳೆಯ ಟಾರ್ಪಾಲು ಮುಚ್ಚುತ್ತೇವೆ. ತಿಂಗಳಿಗೊಮ್ಮೆ ಮರಳನ್ನು ಬಿಸಿಲಿಗೆ ಹರಡುತ್ತೇವೆ. ಅಂಗಳಕ್ಕೆ ಹಾಕುವ ಮಣ್ಣನ್ನು ಈಗ ಗೊಬ್ಬರಗುಂಡಿಯ ಪಕ್ಕದಿಂದ ತರುವುದಿಲ್ಲ, ಧರೆಯಿಂದ (ಗುಡ್ಡ ಕಡಿದ ಮಣ್ಣಿನ ಗೋಡೆಯಿಂದ) ಕಡಿದು ತರುತ್ತೇವೆ. ಕಳೆದ ವರ್ಷ ಅಂಗಳದಲ್ಲಿ ಚಾಲಿ (ಬಿಸಿಲಲ್ಲಿ ಒಣಗಿಸುವ ಹಣ್ಣಡಿಕೆ) ಒಣಗುವಷ್ಟೂ ದಿನ ಅವನು ಅಂಗಳದ ತಂಟೆಗೆ ಬರಲಿಲ್ಲ. ಒಂದೇ ಒಂದು ಸಲ ರಾಶಿಯಿಂದ ಒಂದು ಗೋಟಡಿಕೆ ಕಚ್ಚಿಕೊಂಡು ಹೋಗಿ ತನ್ನ ಗುಂಡಿಯಲ್ಲಿ ಹೂತಿಟ್ಟಿದ್ದ. ಅಪ್ಪಯ್ಯ ಅದನ್ನು ಬಗೆದು ತೆಗೆದರು.