ಮಳೆಗಾಲದಲ್ಲಿ ನಾಸ್‌ನಿಂದ ಎರಡು ಡಿಸ್ಕ್ ಮಾಯ ಆದಾಗ ನಾನು ಹುಡುಕಿದ್ದು ಹೀಗೆ

ನಾಸ್‌ನಲ್ಲಿ, ಅಂದ್ರೆ ಫೈಲ್ ಇಡೋ ಮನೆ ಸರ್ವರ್‌ನಲ್ಲಿ, ಹಾರ್ಡ್ ಡಿಸ್ಕ್ ಕಾಣಿಸ್ತಿಲ್ಲ ಅಂದ ತಕ್ಷಣ ಎಲ್ರೂ ಹೇಳೋದು ಒಂದೇ, ಡಿಸ್ಕ್ ಹೋಗಿದೆ ಹೊಸದು ಹಾಕಿ. ಒಂದು ಡಿಸ್ಕ್ ಹೋದ್ರೆ ಇರಬಹುದಪ್ಪ. ಆದ್ರೆ ಎರಡು ಒಟ್ಟಿಗೆ ಮಾಯ ಆದ್ರೆ ಡಿಸ್ಕ್ ಮೇಲೆ ಅನುಮಾನ ಪಡೋದು ಕೊನೇಗೆ, ಮೊದ್ಲು ಆ ಎರಡಕ್ಕೂ ಕಾಮನ್ ಆಗಿರೋದು ಏನಿದೆ ಅಂತ ನೋಡ್ಬೇಕು. ಈ ಒಂದು ಪ್ರಶ್ನೆ ಹಿಡ್ಕೊಂಡೇ ನನ್ನ ಪ್ರಾಬ್ಲಮ್ ಬಗೆಹರೀತು, ಅದಕ್ಕೇ ವಿವರವಾಗಿ ಬರೀತಿದೀನಿ.

ನಮ್ಮದು ಸೋಮವಾರಪೇಟೆ ಕಡೆ, ತೋಟದ ಮನೆ. ಹಳೇ ಡೆಸ್ಕ್‌ಟಾಪ್ ಬೋರ್ಡಿಗೆ ಆರು ಡಿಸ್ಕ್ ಹಾಕಿ ಟ್ರೂನಾಸ್ ಅನ್ನೋ ನಾಸ್ ಆಪರೇಟಿಂಗ್ ಸಿಸ್ಟಮ್ ಓಡಿಸ್ತಿದೀನಿ. ಮೂರು ಡಿಸ್ಕ್ ಬೋರ್ಡಿನ ಸಾಟಾ ಪೋರ್ಟಿಗೆ, ಮೂರು ಎಲ್‌ಎಸ್‌ಐ ಕಾರ್ಡಿಗೆ (ಹೆಚ್ಚು ಡಿಸ್ಕ್ ಜೋಡಿಸೋಕೆ ಬೋರ್ಡಿಗೆ ಹಾಕೋ ಕಾರ್ಡು), ಆರೂ ಸೇರಿ ಒಂದು ರೇಡ್‌ಝಡ್2 ಪೂಲ್. ಅಂದ್ರೆ ಎರಡು ಡಿಸ್ಕ್ ಹೋದ್ರೂ ಡೇಟಾ ಉಳಿಯತ್ತೆ, ಮೂರನೇದು ಹೋದ್ರೆ ಇಲ್ಲ. ಅದ್ರಲ್ಲಿ ಸಿಸಿಟಿವಿ ರೆಕಾರ್ಡಿಂಗ್, ಮನೆ ಮದುವೆಗಳ ಫೋಟೋ, ತೋಟದ ಲೆಕ್ಕ, ಜೊತೆಗೆ ಅಪ್ಪ ವರ್ಷಾನುಗಟ್ಟಲೆ ಇಂಚು ಸೆಂಟು ಅಂತ ಬರೆದಿಟ್ಟ ಮಳೆ ರಿಜಿಸ್ಟರ್‌ಗಳ ಸ್ಕ್ಯಾನ್ ಇದೆ, ಆ ರಿಜಿಸ್ಟರ್ ಪುಸ್ತಕಗಳಲ್ಲಿ ಅರ್ಧ ಈಗಾಗ್ಲೇ ಬೂಸ್ಟು ಹಿಡಿದು ಓದೋಕೇ ಆಗಲ್ಲ, ಹಾಗಾಗಿ ಸ್ಕ್ಯಾನೇ ಈಗ ಒರಿಜಿನಲ್ ಇದ್ದಂಗೆ.

ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು) ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ದಿನಗಟ್ಟಲೆ ಇರ್ಲಿಲ್ಲ. ಇನ್ವರ್ಟರ್ ಲೈಟಿಗೇ ಸಾಕಾಗಲ್ಲ ಅಂತ ಸರ್ವರ್ ನೀಟಾಗಿ ಶಟ್‌ಡೌನ್ ಮಾಡಿಟ್ಟಿದ್ದೆ. ಕರೆಂಟ್ ಬಂದ್ಮೇಲೆ ಆನ್ ಮಾಡಿದ್ರೆ ಪೂಲ್ ಡಿಗ್ರೇಡೆಡ್ (ಓಡ್ತಿದೆ, ಆದ್ರೆ ಡಿಸ್ಕ್ ಕಮ್ಮಿ), ಎರಡು ಡಿಸ್ಕ್ ಅನ್‌ಅವೈಲ್, ಅಂದ್ರೆ ಸಿಗ್ತಿಲ್ಲ. ಬೆಂಗಳೂರಲ್ಲಿರೋ ಅಳಿಯನಿಗೆ ಫೋನ್ ಮಾಡಿದ್ರೆ ಅವನೂ ಅದೇ, "ಮಾವ, ಎರಡು ಹೊಸ ಡಿಸ್ಕ್ ಆರ್ಡರ್ ಮಾಡಿಬಿಡಿ" ಅಂದ. ನಾನು ಮಾಡ್ಲಿಲ್ಲ. ಈ ಹೊತ್ತಲ್ಲಿ ರೀಪ್ಲೇಸ್, ವೈಪ್, ಫೋರ್ಸ್ ಇಂಪೋರ್ಟ್ ಯಾವ ಬಟನ್ನೂ ಮುಟ್ಟಬಾರದು. ಸ್ಟೇಟಸ್ ಸ್ಕ್ರೀನಿನ ಫೋಟೋ ತಗೊಂಡೆ, ಮಳೆ ರಿಜಿಸ್ಟರ್ ಮತ್ತೆ ಫೋಟೋ ಫೋಲ್ಡರ್‌ಗಳನ್ನ ಬೇರೆ ಯುಎಸ್‌ಬಿ ಡಿಸ್ಕಿಗೆ ಕಾಪಿ ಹಾಕ್ದೆ, ಇನ್ನೊಂದು ಡಿಸ್ಕ್ ಕೈಕೊಟ್ರೆ ಎಲ್ಲಾ ಹೋಗತ್ತಲ್ಲ, ಅದು ಮುಗಿಯೋವರೆಗೂ ಬಾಕ್ಸ್ ಮುಟ್ಟಲೇ ಇಲ್ಲ.

ಆಮೇಲೆ ಬಯಾಸ್‌ಗೆ (ಟ್ರೂನಾಸ್ ಶುರುವಾಗೋ ಮೊದ್ಲು ಬರೋ ಬೋರ್ಡಿನ ಸೆಟಿಂಗ್ ಸ್ಕ್ರೀನ್) ಹೋಗಿ ನೋಡಿದೆ. ಬೋರ್ಡಿಗೆ ಹಾಕಿದ ಮೂರರಲ್ಲಿ ಒಂದು ಡಿಸ್ಕ್ ಅಲ್ಲೂ ಇಲ್ಲ. ಬಯಾಸ್‌ನಲ್ಲೇ ಇಲ್ಲ ಅಂದ್ರೆ ಟ್ರೂನಾಸ್ ಅಪ್‌ಡೇಟು, ಪೂಲ್ ಸೆಟಿಂಗು ಇವೆಲ್ಲ ಬಿಟ್ಟುಬಿಡಬಹುದು, ಇದು ಹಾರ್ಡ್‌ವೇರ್. ಕಾಣೆಯಾಗಿರೋದು ಯಾವ ಡಿಸ್ಕ್ ಅಂತ ಸೀರಿಯಲ್ ನಂಬರಲ್ಲೇ ಗುರ್ತಿಸಬೇಕು, ಎಸ್‌ಡಿಎ ಎಸ್‌ಡಿಬಿ ಅನ್ನೋ ಹೆಸರು ಒಂದು ಬೂಟಿಂದ ಇನ್ನೊಂದಕ್ಕೆ ಬದಲಾಗಬಹುದು, ಅದನ್ನ ನಂಬಬೇಡಿ. ಪ್ರತಿ ಡಿಸ್ಕಿನ ಮುಂದೆ ಸೀರಿಯಲ್‌ನ ಕೊನೇ ನಾಲ್ಕು ಅಕ್ಷರ ಚೀಟಿ ಅಂಟಿಸಿಟ್ಟಿದ್ದು ಇಲ್ಲಿ ತುಂಬಾ ಉಪಯೋಗ ಆಯ್ತು. ನೋಡಿದ್ರೆ ಕಾಣೆಯಾದದ್ದು ಒಂದು ಬೋರ್ಡಿಗೆ ಸೇರಿದ್ದು, ಇನ್ನೊಂದು ಕಾರ್ಡಿಗೆ ಸೇರಿದ್ದು. ಕಾರ್ಡ್ ಹೋಗಿದ್ರೆ ಅದ್ರ ಮೂರೂ ಹೋಗ್ಬೇಕಿತ್ತು, ಬೋರ್ಡ್ ಕಂಟ್ರೋಲರ್ ಹೋಗಿದ್ರೆ ಆ ಕಡೆ ಮೂರು. ಡೇಟಾ ಕೇಬಲ್ ಎರಡಕ್ಕೂ ಬೇರೆ ಬೇರೆ. ಉಳಿದದ್ದು ಪವರ್ ಒಂದೇ, ಎರಡೂ ಡಿಸ್ಕ್ ಒಂದೇ ಸ್ಪ್ಲಿಟರ್‌ನಿಂದ (ಒಂದು ಪವರ್ ಕನೆಕ್ಟರನ್ನ ಎರಡು ಮಾಡೋ ಕೇಬಲ್) ಪವರ್ ತಗೋತಿದ್ವು.

ಅನುಮಾನ ಬಂದ್ರೆ ಸಾಲ್ದು, ಸಾಕ್ಷಿ ಬೇಕಲ್ಲ. ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡಿದಾಗ ಎರಡೂ ಬಂದ್ವು, ಆಗ ಬೇಗ ಸ್ಮಾರ್ಟ್ ರಿಪೋರ್ಟ್ ತೆಗೆದೆ, ಅದು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ನಂಬರ್ ಹಾಕಿ ಇಡೋ ಲೆಕ್ಕ. ಅದ್ರಲ್ಲಿ 5, 197, 198ನೇ ಸಾಲು ಮೂರೂ ಸೊನ್ನೆ, ಅಂದ್ರೆ ಪ್ಲ್ಯಾಟರ್ (ಒಳಗೆ ತಿರುಗೋ ತಟ್ಟೆ) ಮೇಲೆ ಕೆಟ್ಟ ಸೆಕ್ಟರ್ ಇಲ್ಲ. 199, ಅಂದ್ರೆ ಸಿಆರ್‌ಸಿ ಎರರ್ (ಡೇಟಾ ಕೇಬಲ್ ದಾರಿಯಲ್ಲಿ ಕೆಟ್ಟ ಲೆಕ್ಕ), ಅದೂ ಏರಿಲ್ಲ, ಡೇಟಾ ಕೇಬಲ್ ಲೂಸ್ ಇದ್ರೆ ಅದು ಏರ್ತಾ ಹೋಗತ್ತೆ, ಒಮ್ಮೆ ಏರಿದ್ದು ಇಳಿಯಲ್ಲ. ವಿಷಯ ಇದ್ದದ್ದು 12 ಮತ್ತೆ 192ರಲ್ಲಿ. 12 ಅಂದ್ರೆ ಡಿಸ್ಕ್ ಎಷ್ಟು ಸಲ ಪವರ್ ಆನ್ ಆಗಿದೆ ಅಂತ, 192 ಅಂದ್ರೆ ದಿಢೀರ್ ಪವರ್ ಹೋಗಿ ಹೆಡ್ ಒಳಗೆ ಎಳ್ಕೊಂಡ ಲೆಕ್ಕ. ಆರೂ ಡಿಸ್ಕ್ ಒಟ್ಟಿಗೆ ತಗೊಂಡಿದ್ದು, ಒಟ್ಟಿಗೇ ಆನ್ ಆಫ್ ಆಗೋವು, ಈ ಲೆಕ್ಕ ಹೆಚ್ಚುಕಮ್ಮಿ ಒಂದೇ ಇರಬೇಕು. ನಾಲ್ಕರಲ್ಲಿ ಇತ್ತು. ಈ ಎರಡರಲ್ಲಿ ಮಾತ್ರ ತುಂಬಾ ಜಾಸ್ತಿ. ಸರ್ವರ್ ಓಡ್ತಾ ಇರುವಾಗ್ಲೇ ಈ ಎರಡಕ್ಕೆ ಮಾತ್ರ ಪವರ್ ಕಟ್ ಆಗಿ ಬರ್ತಿದೆ ಅಂತ ಅರ್ಥ. ಡಿಸ್ಕೇ ಸಾಕ್ಷಿ ಹೇಳ್ತು.

ಪ್ಲಗ್ ಕಿತ್ತು ಸ್ಪ್ಲಿಟರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಒಳಗಿನ ಕಾಂಟ್ಯಾಕ್ಟ್‌ಗಳ ಹೊಳಪು ಹೋಗಿ ಅಂಚಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ ಕೂತಿತ್ತು, 12 ವೋಲ್ಟ್ ಪಿನ್ನುಗಳ ಪಕ್ಕದ ಪ್ಲಾಸ್ಟಿಕ್ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿತ್ತು. ಸಾಟಾ ಪವರ್ ಕನೆಕ್ಟರ್‌ನಲ್ಲಿ ಒಂದು ಪಿನ್ನಿಗೆ 1.5 ಆಂಪ್, 12 ವೋಲ್ಟಿಗೆ ಮೂರು ಪಿನ್ನು, ಒಟ್ಟು 4.5 ಆಂಪ್ ಅಷ್ಟೇ. ಒಂದು 3.5 ಇಂಚಿನ ಡಿಸ್ಕ್ ತಿರುಗೋಕೆ ಶುರು ಮಾಡುವಾಗ ಹತ್ರ ಹತ್ರ 2 ಆಂಪ್ ಎಳೀತದೆ. ಒಂದು ಕನೆಕ್ಟರ್‌ನಿಂದ ಎರಡು ಡಿಸ್ಕ್ ಅಂದ್ರೆ ಕಾಂಟ್ಯಾಕ್ಟ್ ಕ್ಲೀನಾಗಿದ್ರೂ ಅಂಚಿನ ಮೇಲೇ ನಡೆಯೋದು, ತೇವ ತಿಂದ ಪಿನ್ನಲ್ಲಿ ಆಗೋದೇ ಇಲ್ಲ. ಮೂರು ನಾಲ್ಕು ಡಿಸ್ಕ್ ಹಾಕೋ ಸಾಟಾ ಸ್ಪ್ಲಿಟರ್ ಮಾರ್ತಾರೆ, ದಯವಿಟ್ಟು ತಗೋಬೇಡಿ, ಅದು ಬೆಂಕಿಯ ವಿಷಯ.

ಸ್ಪ್ಲಿಟರ್ ತೆಗೆದು ಬಿಸಾಕಿ ಎರಡಕ್ಕೂ ಪವರ್ ಸಪ್ಲೈನಿಂದಲೇ ನೇರ ಲೈನ್ ಕೊಟ್ಟೆ. ಹೆಚ್ಚಿನ ಕೇಬಲ್ ಬೇಕಾದ್ರೆ ಅದೇ ಪವರ್ ಸಪ್ಲೈ ಮಾಡೆಲ್‌ದೇ ಆಗ್ಬೇಕು, ಬೇರೆ ಕಂಪನಿ ಮಾಡ್ಯುಲರ್ ಕೇಬಲ್ ಸರಿಯಾಗಿ ಕೂತ್ರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, 5 ವೋಲ್ಟ್ ಜಾಗಕ್ಕೆ 12 ಹೋದ್ರೆ ಡಿಸ್ಕ್ ಆಗ್ಲೇ ಸುಟ್ಟುಹೋಗತ್ತೆ. ಡಿಸ್ಕ್ ಕಡೆ ಕಾಂಟ್ಯಾಕ್ಟ್‌ಗಳನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ ಪೂರ್ತಿ ಒಣಗಿದ ಮೇಲೇ ಕನೆಕ್ಟ್ ಮಾಡ್ದೆ. ಆನ್ ಮಾಡಿದ್ರೆ ಆರೂ ಹಾಜರ್. ಝಡ್‌ಎಫ್‌ಎಸ್ (ಟ್ರೂನಾಸ್ ಬಳಸೋ ಫೈಲ್ ಸಿಸ್ಟಮ್) ಆ ಎರಡು ಡಿಸ್ಕ್ ಇಲ್ಲದಾಗ ಬದಲಾದ ಭಾಗ ಮಾತ್ರ ರಿಸಿಲ್ವರ್ ಮಾಡ್ಕೊಳ್ತು, ಅಂದ್ರೆ ಅವಕ್ಕೆ ತುಂಬಿಸ್ತು, ಪೂರ್ತಿ ಡಿಸ್ಕ್ ಬರೀಲಿಲ್ಲ. ಆಮೇಲೆ ಸ್ಕ್ರಬ್ (ಪೂಲಿನ ಡೇಟಾ ಎಲ್ಲಾ ಓದಿ ಸರಿ ಇದೆಯಾ ನೋಡೋದು) ಹಾಕಿ ಮಲಗಿದೆ, ಬೆಳಿಗ್ಗೆ ನೋಡಿದ್ರೆ ಎರರ್ ಸೊನ್ನೆ.

ನಮ್ಮ ಕಡೆಯವರಿಗೆ ಮುಖ್ಯವಾಗಿ ಹೇಳ್ಬೇಕಾದ್ದು ಇನ್ನೊಂದಿದೆ. ಓಡ್ತಾ ಇರೋ ಸರ್ವರ್ ತನ್ನ ಬಿಸಿಗೇ ಒಣಗಿರತ್ತೆ, ತೇವ ಕೂರೋದು ಆಫ್ ಆಗಿ ತಣ್ಣಗೆ ಬಿದ್ದಿರುವಾಗ. ಬೀರುವಲ್ಲಿ ಬಟ್ಟೆಗೆ ಬೂಸ್ಟು ಬರದಿರ್ಲಿ ಅಂತ ಸಣ್ಣ ಬಲ್ಬ್ ಉರಿಸಲ್ವಾ, ಅದೇ ಲೆಕ್ಕ. ಈಗ ಉದ್ದದ ಕರೆಂಟ್ ಕಟ್ ಇದ್ರೆ ಸರ್ವರ್‌ನ ಸಿಲಿಕಾ ಜೆಲ್ ಹಾಕಿದ ಪ್ಲಾಸ್ಟಿಕ್ ಕವರಲ್ಲಿ ಮುಚ್ಚಿಡ್ತೀನಿ, ಕರೆಂಟ್ ಬಂದ ತಕ್ಷಣ ಆನ್ ಮಾಡಲ್ಲ, ರೂಮಲ್ಲಿ ಹೀಟರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ.

ಎಲ್ಲರದ್ದೂ ಪವರ್ರೇ ಅಂತ ಹೇಳ್ತಿಲ್ಲ. ಕಾರ್ಡಿನ ಡಿಸ್ಕೆಲ್ಲ ಒಟ್ಟಿಗೆ ಹೋಗಿ ತಣ್ಣಗಾದ್ಮೇಲೆ ವಾಪಸ್ ಬಂದ್ರೆ ಕಾರ್ಡಿನ ಹೀಟ್‌ಸಿಂಕ್ ಮುಟ್ಟಿ ನೋಡಿ, ಅವು ಜೋರು ಗಾಳಿಯ ಸರ್ವರ್ ಬಾಕ್ಸಿಗೆ ಮಾಡಿದವು, ಮನೆ ಕ್ಯಾಬಿನೆಟ್‌ನಲ್ಲಿ ಒಂದು ಸಣ್ಣ ಫ್ಯಾನ್ ಬೇಕೇ ಬೇಕು. ಹೊಸದಾಗಿ ಎಂ.2 ಎಸ್‌ಎಸ್‌ಡಿ (ಬೋರ್ಡಿನ ಸ್ಲಾಟಲ್ಲೇ ಕೂರೋದು) ಹಾಕಿದ್ಮೇಲೆ ಒಂದೋ ಎರಡೋ ಡಿಸ್ಕ್ ಹೋಯ್ತು ಅಂದ್ರೆ ಬೋರ್ಡ್ ಮ್ಯಾನುಯಲ್ ತೆಗೀರಿ, ಎಷ್ಟೋ ಬೋರ್ಡಲ್ಲಿ ಆ ಸ್ಲಾಟ್ ತುಂಬಿದ್ರೆ ಕೆಲವು ಸಾಟಾ ಪೋರ್ಟ್ ಬಂದ್ ಆಗತ್ತೆ. ಕುಶಾಲನಗರದ ಸ್ನೇಹಿತರೊಬ್ರದ್ದು ಇನ್ನೊಂದು ಥರ, ಎಕ್ಸ್‌ಟರ್ನಲ್ ಬಾಕ್ಸಿಂದ ಬಿಚ್ಚಿ ಹಾಕಿದ ಡಿಸ್ಕ್ ತಿರುಗೋದೇ ಇಲ್ಲ. ಅಂಥ ಕೆಲವು ಡಿಸ್ಕಲ್ಲಿ ಪವರ್ ಕನೆಕ್ಟರ್‌ನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದ್ರೆ ಡಿಸ್ಕ್ ಆಫ್ ಆಗೇ ಉಳಿಯತ್ತೆ. ಆ ಪಿನ್ನಿಗೆ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯೋ, ಕರೆಂಟ್ ಹರಿಯದ ಟೇಪು) ಅಂಟಿಸಿ ಅಂದೆ, ಅಂಟಿಸಿದ್ರು, ಡಿಸ್ಕ್ ತಿರುಗ್ತು.